ಪ್ರಿಂಟ್ ಮಾಡಿದ ಕೈಯಲ್ಲಿ ಹೊಲದ ಕೆಲಸ ಆಗುತ್ತಾ?

ಪ್ರಶ್ನೆ: ನೆಲ್ಲು ಒಕ್ಕುವ ಮಷೀನಿಗೆ ಸಿಕ್ಕಿ ನನ್ನ ತಮ್ಮನ ಬಲಗೈ ಬೆರಳುಗಳು ಹೋಗಿವೆ. ತ್ರೀಡಿ ಪ್ರಿಂಟರಿನಲ್ಲಿ ಕಡಿಮೆ ಖರ್ಚಿಗೆ ಕೈ ಮಾಡಿಕೊಡ್ತಾರಂತೆ. ಅದನ್ನು ಹಾಕಿಕೊಂಡು ಅವನು ಮತ್ತೆ ಹೊಲಕ್ಕೆ ಇಳಿಯಬಹುದಾ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಅಂಥ ಕೈ ಮಾಡುವುದು ನಿಜ. ಆದರೆ ಹೊಲದ ಕೆಲಸಕ್ಕೆ ಅದೊಂದನ್ನೇ ನಂಬಬೇಡಿ.

ಮೊದಲು ತಮ್ಮನ ಮಣಿಕಟ್ಟು ನೋಡಿ. ಚೆನ್ನಾಗಿ ಬಗ್ಗುತ್ತದಾ? ಅಂಗೈ ಸ್ವಲ್ಪವಾದರೂ ಉಳಿದಿದೆಯಾ? ಕಡಿಮೆ ಖರ್ಚಿನ ಪ್ರಿಂಟೆಡ್ ಕೈಗೆ ಸಾಮಾನ್ಯವಾಗಿ ಮೋಟಾರು, ಬ್ಯಾಟರಿ ಇರುವುದಿಲ್ಲ. ಮಣಿಕಟ್ಟು ಬಗ್ಗಿಸಿದಾಗ ದಾರಗಳು ಬಿಗಿದು ಬೆರಳು ಮಡಚುತ್ತವೆ. ನೇರ ಮಾಡಿದಾಗ ರಬ್ಬರು ಎಳೆದು ಬೆರಳು ಬಿಚ್ಚುತ್ತವೆ. ಮಣಿಕಟ್ಟೇ ಇಲ್ಲದವರಿಗೆ ಮೊಣಕೈ ಬಗ್ಗಿಸಿ ನಡೆಸುವ ಬೇರೆ ಮಾದರಿ ಬೇಕು.

ಇದರ ಹಿಂದೆ ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವಾನ್ ಆಸ್ ಇದ್ದಾರೆ. 2011ರಲ್ಲಿ ಗರಗಸಕ್ಕೆ ಸಿಕ್ಕಿ ಅವರ ಬೆರಳುಗಳು ಹೋದವು. ಅವರು ಅಮೆರಿಕದ ಐವನ್ ಓವನ್ ಜೊತೆ ಸೇರಿ ಇಂಥ ಕೈ ಮಾಡಿದರು. 2013ರಲ್ಲಿ ಅದರ ನಕ್ಷೆಯನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಇಂಟರ್ನೆಟ್ಟಿಗೆ ಹಾಕಿದರು. ಎಷ್ಟು ದೊಡ್ಡ ಮನಸ್ಸು ಅಲ್ವಾ! ಬೆಳೆಯುವ ಮಕ್ಕಳಿಗಂತೂ ಇದು ವರ. ಕೈ ಚಿಕ್ಕದಾದರೆ ಅಳತೆ ಬದಲಿಸಿ ಇನ್ನೊಂದು ಪ್ರಿಂಟ್ ಮಾಡಿದರಾಯಿತು.

ಲೋಟ, ಹಗುರ ಚೀಲ, ಸೈಕಲ್ ಹ್ಯಾಂಡಲ್ ಹಿಡಿಯಲು ಈ ಕೈ ಸಾಕು. ನೆಲ್ಲಿನ ಮೂಟೆ ಎತ್ತಲು, ಸಲಿಕೆಯಿಂದ ಮಣ್ಣು ಎಳೆಯಲು ಸಾಲದು. ಪ್ರಿಂಟರು ಪ್ಲಾಸ್ಟಿಕ್ಕನ್ನು ಕರಗಿಸಿ ಪದರದ ಮೇಲೆ ಪದರ ಕೂರಿಸುತ್ತದೆ. ಜೋರಾಗಿ ಎಳೆದರೆ ಪದರಗಳ ನಡುವೆಯೇ ಬಿರುಕು ಬಿಡುತ್ತದೆ. ನಮ್ಮ ಕಡೆಗೆ ಇನ್ನೊಂದು ತೊಂದರೆ ಬಿಸಿಲು. ಇದಕ್ಕೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಬೆರಳು ಸೊಟ್ಟಗಾಗಬಹುದು. ಪಿಇಟಿಜಿ, ಎಬಿಎಸ್ ಎಂಬ ಪ್ಲಾಸ್ಟಿಕ್ಕುಗಳು ಇನ್ನಷ್ಟು ಶಾಖ ತಡೆಯುತ್ತವೆ. ಮಾಡಿಸುವಾಗ ಯಾವ ಪ್ಲಾಸ್ಟಿಕ್ ಎಂದು ಕೇಳಲೇಬೇಕು.

ಹೊಲಕ್ಕೆ ನಾನು ಹೇಳುವುದು ಕೈಯ ಜಾಗಕ್ಕೆ ಹಾಕುವ ಹಳೆಯ ಮಾದರಿಯ ಲೋಹದ ಕೊಕ್ಕೆ. ಗರಗಸದ ಮಿಲ್ಲಿನಲ್ಲಿ ಕೈ ಕಳೆದುಕೊಂಡ ಡೇವಿಡ್ ಡೊರೆನ್ಸ್ ಎಂಬುವರು 1912ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಭುಜಕ್ಕೆ ಕಟ್ಟಿದ ಪಟ್ಟಿ ಎಳೆದರೆ ಕೊಕ್ಕೆ ತೆರೆಯುತ್ತದೆ. ನೋಡಲು ಕೈಯಂತಿಲ್ಲ, ನಿಜ. ಆದರೆ ಬಲವಾಗಿ ಹಿಡಿಯುತ್ತದೆ, ಕೆಸರಾದರೆ ತೊಳೆಯಬಹುದು. ಅಂಗೈ ಉಳಿದವರಿಗೆ ಇದನ್ನು ಕೂರಿಸುವುದು ಕಷ್ಟ. ಆಗ ಸಲಿಕೆ, ಕುಡುಗೋಲಿನ ಹಿಡಿಗೆ ತಕ್ಕ ಪಟ್ಟಿಯನ್ನೋ ಹಿಡಿಕೆಯನ್ನೋ ಕೇಳಿ. ಯಾವುದನ್ನೇ ಹಾಕಿಕೊಂಡರೂ ಓಡುವ ಮಷೀನಿನ ಹತ್ತಿರ ಆ ಕೈ ಒಯ್ಯುವುದು ಬೇಡ.

ಕೈಯಿಂದ ದುಡ್ಡು ಹಾಕುವ ಮೊದಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಾಣಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಕಡಿಮೆ ಇರುವವರಿಗೆ ಕೃತಕ ಅಂಗಕ್ಕೆ ನೆರವು ಸಿಗುತ್ತದೆ. ಗಾಯ ಪೂರ್ತಿ ಮಾಗಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಅಳತೆಗೆ ಹೋಗಿ. ಹೋಗುವಾಗ ತಮ್ಮ ದಿನಾ ಹಿಡಿಯುತ್ತಿದ್ದ ಸಲಿಕೆ, ಕುಡುಗೋಲನ್ನೂ ಜೊತೆಗೆ ಒಯ್ದು, ಹಿಡಿದು ತೋರಿಸಲಿ.