ಎಲ್ಲರೂ ಒಳ್ಳೆಯವಳು ಅಂತಾರೆ, ಆದ್ರೂ ನನಗ್ಯಾಕೆ ಖುಷಿ ಇಲ್ಲ?

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮನಸ್ಸಿನಲ್ಲಿ 'ಬೇಡ' ಇಟ್ಟುಕೊಂಡು ಬಾಯಲ್ಲಿ 'ಆಯ್ತು' ಅಂತೀರಲ್ಲ, ಜನ ಮೆಚ್ಚುವುದು ಆ 'ಆಯ್ತು' ಅನ್ನು. ಒಳಗಿರುವ ನಿಮ್ಮನ್ನು ಅವರು ಕಂಡೇ ಇಲ್ಲ. ಅದಕ್ಕೇ ಎಷ್ಟು ಹೊಗಳಿದರೂ ನಿಮಗೆ ತಾಗುವುದಿಲ್ಲ. 'ನಾನು ನಿಜವಾಗಿ ಹೇಗಿದ್ದೀನಿ ಅಂತ ಗೊತ್ತಾದರೆ?' ಅನ್ನುವ ಭಯ ಬೇರೆ. ಹೀಗೇ ವರ್ಷಗಳು ಕಳೆದರೆ, 'ನಿನಗೇನು ಬೇಕು?' ಅಂತ ಯಾರಾದರೂ ಕೇಳಿದಾಗ ಉತ್ತರವೇ ಹೊಳೆಯುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ನಷ್ಟ ಇದೇ.

ಇಷ್ಟು ಹೇಳಿದ ಕೂಡಲೇ ಬರುವ ಮಾತು: 'ಆದ್ರೆ ಎಲ್ಲರೂ ನನ್ನನ್ನೇ ನೋಡ್ತಿರ್ತಾರಲ್ಲ!' ಇಲ್ಲ, ನೋಡ್ತಿರಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಲುಗಾಡುವುದೇ ಇಲ್ಲ! ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹಾಕಿಕೊಳ್ಳಲು ಮುಜುಗರವಾಗುವಂಥ, ಒಬ್ಬ ಗಾಯಕನ ಮುಖವಿದ್ದ ಟೀ ಶರ್ಟ್ ತೊಡಿಸಿ, ವಿದ್ಯಾರ್ಥಿಗಳನ್ನು ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. 'ಶರ್ಟ್ ಮೇಲೆ ಯಾರಿದ್ದರು ಅಂತ ಎಷ್ಟು ಜನ ಹೇಳಬಲ್ಲರು?' ಅಂತ ಆಮೇಲೆ ಕೇಳಿದರು. ತೊಟ್ಟವರ ಅಂದಾಜು ಸುಮಾರು ಅರ್ಧದಷ್ಟು ಜನ. ನಿಜವಾಗಿ ಹೇಳಿದವರು ಕಾಲು ಭಾಗಕ್ಕಿಂತ ಜಾಸ್ತಿ ಇರಲಿಲ್ಲ. ಎದೆಯ ಮೇಲೆ ಅಷ್ಟು ದೊಡ್ಡ ಮುಖವಿದ್ದರೂ ಹೀಗೆ! ಅವರವರಿಗೆ ಅವರವರದೇ ಚಿಂತೆ, ಅಲ್ವಾ? ನೀವು ರಾತ್ರಿಯಿಡೀ ಹೊರಳಾಡಿದ ಮಾತು, ಅದನ್ನು ಕೇಳಿಸಿಕೊಂಡವರಿಗೆ ಬೆಳಿಗ್ಗೆ ನೆನಪೂ ಇರುವುದಿಲ್ಲ.

ಹಾಗಂತ 'ಬೇಡ' ಅಂದರೆ ಯಾರಿಗೂ ಬೇಜಾರಾಗಲ್ಲ ಅಂತ ಸುಮ್ನೆ ಹೇಳಲಾರೆ. ನಿಮ್ಮ 'ಆಯ್ತು' ರೂಢಿಯಾದವರಿಗೆ ಆಗುತ್ತದೆ. ಅವರು ಮುನಿಸಿಕೊಂಡರು ಅಂದಮಾತ್ರಕ್ಕೆ ನೀವು ತಪ್ಪು ಮಾಡಿದಿರಿ ಅಂತಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಈ ಅಭ್ಯಾಸ ಶುರುವಾಗುವುದು ಎಲ್ಲಿ? ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1950ರ ದಶಕದಲ್ಲೇ ಇದರ ಬಗ್ಗೆ ಬರೆದರು. ಪ್ರೀತಿಗೆ ಷರತ್ತು ಇದೆ ಅಂತ ಮಗುವಿಗೆ ಅನ್ನಿಸಿದರೆ, ಆ ಷರತ್ತಿಗೆ ಹೊಂದದ ಭಾವನೆಗಳನ್ನು ಅದು ತನ್ನದಲ್ಲವೆಂಬಂತೆ ಪಕ್ಕಕ್ಕೆ ತಳ್ಳುತ್ತದೆ. ನೀವು ಅಪ್ಪ-ಅಮ್ಮ ಆಗಿದ್ದರೆ, ಮಗುವಿನ ತಪ್ಪು ತಿದ್ದಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸೋತು ಬಂದ ದಿನವೂ ಗೆದ್ದು ಬಂದ ದಿನದಷ್ಟೇ ಪ್ರೀತಿಯಿಂದ ಮಾತಾಡಿಸಿ. 'ನನಗಿದು ಬೇಡ' ಅಂದಾಗ ಗದರುವ ಮೊದಲು ಯಾಕೆ ಅಂತ ಕೇಳಿ. ಅದು ಕೊಡುವ ಕಾರಣವನ್ನು ನೀವು ಒಪ್ಪಲೇಬೇಕು ಅಂತೇನಿಲ್ಲ, ಆದರೆ ಪೂರ್ತಿ ಕೇಳಿಸಿಕೊಳ್ಳಿ.