ಫೇಸ್ ಎಂದರೆ ಹಂತವಲ್ಲ

“ಎಂಟು ಹಂತಗಳ ವಿದ್ಯುತ್ ಪೂರೈಕೆಯಿರುವ ಅಗ್ಗದ ಮದರ್‌ಬೋರ್ಡ್, ಓವರ್‌ಕ್ಲಾಕಿಂಗ್‌ಗೆ ಹೇಳಿ ಮಾಡಿಸಿದ್ದು.” ಈ ಧಾಟಿಯ ವಾಕ್ಯವನ್ನು ಒಂದೇ ತಿಂಗಳಲ್ಲಿ ಮೂರನೆಯ ಸಲ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಪ್ರೊಸೆಸರ್ ಕೂರುವ ಹಲಗೆ; ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವುದು ಓವರ್‌ಕ್ಲಾಕಿಂಗ್. ಆ ವಾಕ್ಯದಲ್ಲಿ “ಅಗ್ಗ” ಎಂಬುದೊಂದನ್ನು ಮಾತ್ರ ನಂಬಬಹುದು. ಇಂಗ್ಲಿಷಿನ “ಫೇಸ್”ಗೆ ಇಲ್ಲಿ “ಹಂತ” ಎನ್ನುವುದು ತಪ್ಪು, “ಎಂಟು” ಬಹುತೇಕ ಸುಳ್ಳು.

ಹಂತವೆಂದರೆ ಒಂದು ಮುಗಿದ ಮೇಲೆ ಇನ್ನೊಂದು. ಚುನಾವಣೆ ಹಂತಗಳಲ್ಲಿ ನಡೆಯುತ್ತದೆ, ಬಡಾವಣೆಯ ಎರಡನೆಯ ಹಂತದಲ್ಲಿ ನಿವೇಶನ ಹಂಚುತ್ತಾರೆ. ಹಾಗಾಗಿ ಕರೆಂಟು ಎಂಟು ಜರಡಿಗಳನ್ನು ಸಾಲಾಗಿ ದಾಟಿ, ಒಂದೊಂದರಲ್ಲೂ ಇನ್ನಷ್ಟು ಶುದ್ಧವಾಗಿ ಪ್ರೊಸೆಸರ್‌ಗೆ ಇಳಿಯುತ್ತದೆ ಎಂದು ಓದುಗರು ನಂಬಿ ಕುಳಿತಿದ್ದಾರೆ.

ಫೇಸ್ ಪದದ ಮೂಲ ಗ್ರೀಕ್‌ನ ಫಾಸಿಸ್, ಅಂದರೆ ಕಾಣಿಸಿಕೊಳ್ಳುವುದು. ಇಂಗ್ಲಿಷಿಗೆ ಅದು ಚಂದ್ರನ ಬೆನ್ನು ಹತ್ತಿ ಬಂತು: ಬಿದಿಗೆಯ ಗೆರೆ, ಅಷ್ಟಮಿಯ ಹೋಳು, ಹುಣ್ಣಿಮೆಯ ತಟ್ಟೆ. ನಾವು ಕಲೆ ಎನ್ನುವುದೂ ಇದನ್ನೇ. ಒಂದೇ ಸುತ್ತಿನಲ್ಲಿ ಯಾವ ಹೊತ್ತಿಗೆ ಎಲ್ಲಿದೆ ಎಂಬ ಈ ಅರ್ಥವೇ ಮುಂದೆ ಅಲೆಗಳಿಗೂ ವಿದ್ಯುತ್ತಿಗೂ ಹಬ್ಬಿತು, ಪಠ್ಯಪುಸ್ತಕದಲ್ಲಿ ಪ್ರಾವಸ್ಥೆಯಾಯಿತು. ಮುಖ ಎಂಬರ್ಥದ ಫೇಸ್ ಲ್ಯಾಟಿನ್‌ನ ಬೇರೆಯೇ ಪದ. ನಮ್ಮ ಲಿಪಿಯಲ್ಲಿ ಎರಡೂ ಒಂದೇ ವೇಷ ತೊಡುತ್ತವೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಈ ಅರ್ಥವನ್ನು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. “ತ್ರೀ ಫೇಸ್ ಬಂತು” ಎಂದು ಅಪರಾತ್ರಿಯಲ್ಲಿ ಎದ್ದು ಪಂಪ್‌ಸೆಟ್ ಹಾಕಲು ಹೋಗುವ ರೈತನಿಗೆ ಮೂರೂ ತಂತಿಗಳು ಒಟ್ಟಿಗೆ ಬೇಕೆಂಬುದು ಗೊತ್ತು. ಮೂರರಲ್ಲೂ ಒಂದೇ ಅಲೆ, 120 ಡಿಗ್ರಿ ಹಿಂದುಮುಂದು. ಒಂದು ಹೋದರೆ ಮೋಟಾರ್ ಸುಡುತ್ತದೆ. “ಮೂರು ಹಂತದ ಕರೆಂಟು” ಎಂದು ಅವನ ಬಾಯಲ್ಲಿ ನಾನು ಕೇಳಿಲ್ಲ.

ಮದರ್‌ಬೋರ್ಡಿನದೂ ಇದೇ ಕಥೆ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.3. ಅದು 130 ವ್ಯಾಟ್ ಉಂಡರೆ ನೂರು ಆಂಪಿಯರ್ ಹರಿಯಬೇಕು. ವೋಲ್ಟೇಜ್ ಇಳಿಸುವ ಈ ಕೆಲಸ ಮದರ್‌ಬೋರ್ಡಿನ ಮೇಲಿರುವ ವಿಆರ್‌ಎಂ (ವೋಲ್ಟೇಜ್ ರೆಗ್ಯುಲೇಟರ್ ಮಾಡ್ಯೂಲ್) ಎಂಬ ಭಾಗದ್ದು. ಮಾಸ್‌ಫೆಟ್ ಎಂಬ ಪುಟ್ಟ ಸ್ವಿಚ್‌ಗಳ ಒಂದು ಜೋಡಿ, ಚೋಕ್ ಎಂಬ ಒಂದು ತಂತಿಸುರುಳಿ, ಜೊತೆಗೆ ನಿಯಂತ್ರಕ ಚಿಪ್ ಕೊಡುವ ಸ್ವಂತ ಸರದಿ: ಇಷ್ಟಿದ್ದರೆ ಒಂದು ಫೇಸ್. ಒಂದೇ ಒರಳಿನಲ್ಲಿ ಇಬ್ಬರು ಭತ್ತ ಕುಟ್ಟುವುದನ್ನು ನೆನೆಸಿಕೊಳ್ಳಿ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳುತ್ತದೆ. ಪೆಟ್ಟಿನ ನಡುವಿನ ಬಿಡುವು ಅರ್ಧವಾಗುತ್ತದೆ, ತೋಳಿನ ದಣಿವೂ ಅರ್ಧ. ಬಿಡುವು ಕಡಿಮೆಯಾದಷ್ಟೂ ವೋಲ್ಟೇಜಿನ ತುಯ್ದಾಟ ಕಡಿಮೆ.

ಇಬ್ಬರೂ ಒಟ್ಟಿಗೆ ಎತ್ತಿ ಒಟ್ಟಿಗೆ ಕುಟ್ಟಿದರೆ? ಭಾರ ಹಂಚಿಹೋಗುತ್ತದೆ, ಸರದಿ ಮಾತ್ರ ಒಂದೇ. “ಎಂಟು” ಹುಟ್ಟುವುದು ಎಷ್ಟೋ ಸಲ ಇಲ್ಲಿಯೇ. ಚಿಪ್ ನಾಲ್ಕು ಸರದಿ ಕೊಡುತ್ತದೆ, ಒಂದೊಂದಕ್ಕೂ ಎರಡೆರಡು ಚೋಕ್ ಕಟ್ಟುತ್ತಾರೆ, ಪೆಟ್ಟಿಗೆಯ ಮೇಲೆ 8 ಎಂದು ಅಚ್ಚಾಗುತ್ತದೆ. ಬಿಸಿ ಹಂಚಲು ಇದರಿಂದ ಪ್ರಯೋಜನವಿದೆ. ನನ್ನ ತಕರಾರು ಹೆಸರಿನ ಬಗ್ಗೆ. ನಡುವೆ ಡಬ್ಲರ್ ಎಂಬ ಚಿಪ್ ಇಟ್ಟು ಸರದಿಯನ್ನೇ ಎರಡಾಗಿ ಸೀಳಿದ್ದರೆ ತಕರಾರೂ ಇಲ್ಲ. “8+2” ಎಂದಿದ್ದರೆ ಹತ್ತು ಎಂದು ಕೂಡಿಸುವವರೂ ಇದ್ದಾರೆ. ಆ “2” ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಕೋರ್‌ಗಳಿಗೆ ಸೇರಿದ್ದೇ ಅಲ್ಲ.

ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ ಪೆನ್ನಿನ ತುದಿಯಿಂದ ಚೋಕ್‌ಗಳನ್ನು ಮುಟ್ಟಿ ಮುಟ್ಟಿ “ಎಂಟು ಫೇಸ್, ನೋಡಿಕೊಳ್ಳಿ ಸಾರ್” ಎಂದರು. ಗೆಳೆಯ ಕೊಂಡ. ಮಾಸ್‌ಫೆಟ್‌ಗಳ ಮೇಲೆ ಬಿಸಿ ಹೀರುವ ಲೋಹದ ಹೊದಿಕೆಯೇ (ಹೀಟ್‌ಸಿಂಕ್) ಇರಲಿಲ್ಲ. ಎಎಂಡಿ ಕಂಪನಿಯ ಎಂಟು ಕೋರ್‌ನ ರೈಜೆನ್ ಪ್ರೊಸೆಸರ್ 4 ಗಿಗಾಹರ್ಟ್ಸ್‌ನಲ್ಲಿ ಹತ್ತು ನಿಮಿಷ ವಿಡಿಯೊ ರೆಂಡರ್ ಮಾಡಿತು, ಆಮೇಲೆ ಇದ್ದಕ್ಕಿದ್ದಂತೆ ವೇಗ 2 ಗಿಗಾಹರ್ಟ್ಸ್‌ಗೂ ಕೆಳಗೆ ಕುಸಿಯಿತು. ಪ್ರೊಸೆಸರ್ ತಣ್ಣಗೇ ಇತ್ತು, ಕಾದದ್ದು ಮಾಸ್‌ಫೆಟ್‌ಗಳು. ಕ್ಯಾಬಿನೆಟ್ ಬಾಗಿಲು ತೆಗೆದು ಟೇಬಲ್ ಫ್ಯಾನ್ ತಿರುಗಿಸಿದಾಗ ವೇಗ ಮರಳಿತು. ಫ್ಯಾನ್ ಈಗಲೂ ಅಲ್ಲಿಯೇ ಇದೆ.

ಇದಕ್ಕೆ ತದ್ವಿರುದ್ಧ ಎಂಎಸ್‌ಐ ಕಂಪನಿಯ ಬಿ450 ಟೊಮಾಹಾಕ್ ಮದರ್‌ಬೋರ್ಡ್. ಕೋರ್‌ಗಳಿಗೆ ನಾಲ್ಕೇ ಫೇಸ್, ಆದರೆ ಮೇಲೆ ದಪ್ಪನೆಯ ಹೀಟ್‌ಸಿಂಕ್. ಅಗ್ಗದ ಬೋರ್ಡುಗಳಲ್ಲಿ ಅದಕ್ಕೆ ಒಳ್ಳೆಯ ಹೆಸರು ಬಂತು. ಎಣಿಸಲೇಬೇಕೆಂದರೆ ಚೋಕ್ ಬಿಡಿ, ನಿಯಂತ್ರಕ ಚಿಪ್‌ನ ಮೇಲಿನ ಮಾದರಿ ಸಂಖ್ಯೆ ಓದಿ, ಅದು ಎಷ್ಟು ಸರದಿ ಕೊಡುತ್ತದೆಂದು ಹುಡುಕಿ.

ಓವರ್‌ಕ್ಲಾಕಿಂಗ್‌ಗೆ ಮೊದಲು ನೋಡಬೇಕಾದದ್ದು ಚಿಪ್‌ಸೆಟ್, ಅಂದರೆ ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಬೆಸೆಯುವ ಚಿಪ್. ಎಎಂಡಿಯಲ್ಲಿ ಎ320, ಎ520, ಎ620 ಓವರ್‌ಕ್ಲಾಕಿಂಗ್‌ಗೆ ಒಗ್ಗುವುದಿಲ್ಲ, ಬಿ840 ಒಂದನ್ನು ಬಿಟ್ಟರೆ ಬಿ ಸರಣಿ ಸಾಕು. ಇಂಟೆಲ್‌ನಲ್ಲಿ ಝಡ್ ಸರಣಿಯ ಚಿಪ್‌ಸೆಟ್ಟೂ ಹೆಸರಿನಲ್ಲಿ ಕೆ ಇರುವ ಪ್ರೊಸೆಸರೂ ಬೇಕು; ಬಿ660, ಬಿ760 ಮೆಮೊರಿಯ ವೇಗ ಏರಿಸಲಷ್ಟೇ. ಇದನ್ನು ನೋಡದೆ ಫೇಸ್ ಎಣಿಸುವುದು ಬಾವಿಯಿಲ್ಲದ ಹೊಲಕ್ಕೆ ತ್ರೀ ಫೇಸ್ ಎಳೆಸಿದಂತೆ.

ಅಚ್ಚ ಕನ್ನಡವೇ ಬೇಕೆನ್ನುವವರು “ಸರದಿ” ಎನ್ನಲಿ, ಅರ್ಥವಾದರೂ ಉಳಿಯುತ್ತದೆ. ನನಗೆ ಪಂಪ್‌ಸೆಟ್ಟಿನ ಫೇಸ್ ಸಾಕು.