ಗಾಡಿ ಹೋಯ್ತು, ಹೆಸರು ಹೋಯ್ತಾ?

ಆಲೂರು ಕಡೆಯ ನಮ್ಮ ಹಳ್ಳಿಮನೆಯಲ್ಲಿ ಹನ್ನೆರಡು ವರ್ಷದಿಂದ ಹಳೇ ಕಾರು ಕೊಂಡು ಮಾರುತ್ತಿದ್ದೇನೆ. ಕಾಫಿ ಒಣಗಿಸುವ ಕಣವೇ ನನ್ನ ಶೋರೂಂ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ತುಂಬ ಹಣ್ಣು ಹರಡಿರುತ್ತದೆ, ಕಾರುಗಳು ಕೊಟ್ಟಿಗೆ ಪಕ್ಕಕ್ಕೆ ಹೋಗುತ್ತವೆ. ಈಚೆಗೆ ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯಿಂದ ಹುಡುಗರು ಫೋನ್ ಮಾಡುತ್ತಾರೆ. ‘ಅಣ್ಣಾ, ಮನೆ ಮುಂದೆ ಜಾಗ ಇದೆ, ಕೈಲಿ ಐದು ಲಕ್ಷ ಇದೆ, ಶುರು ಮಾಡ್ಲಾ?’

ಮಾಡಿ. ಆದರೆ ಎರಡೇ ಗಾಡಿಯಿಂದ ಶುರು ಮಾಡಿ. ಅದಕ್ಕಿಂತ ಮುಂಚೆ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರದ ವಿಚಾರ ಚೆನ್ನಾಗಿ ತಿಳಿದುಕೊಳ್ಳಿ. ನನಗೆ ಅದು ಅರ್ಥವಾಗಿದ್ದು ಒಬ್ಬರಿಗೆ ನೋವು ಕೊಟ್ಟ ಮೇಲೆ.

ನಿವೃತ್ತ ಮೇಷ್ಟ್ರೊಬ್ಬರ ಆಲ್ಟೊ ಕೊಂಡಿದ್ದೆ. ಗಾಡಿಯ ಹೆಸರು ಬದಲಿಸುವ ಫಾರಂ 29, 30ಕ್ಕೆ ಸೈನ್ ಹಾಕಿಸಿಕೊಂಡೆ, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟೆ. ಆಗ ಎಲ್ಲರೂ ಮಾಡುತ್ತಿದ್ದದ್ದೇ ಹಾಗೆ. ಕಾರಣ ಸರಳ. ನಮ್ಮ ಹೆಸರಿಗೆ ಮಾಡಿಸಿಕೊಂಡರೆ ಖರ್ಚು ಬೇರೆ, ಓನರ್ ಲೆಕ್ಕ ಒಂದು ಜಾಸ್ತಿಯಾಗುತ್ತದೆ, ಸೆಕೆಂಡ್ ಓನರ್ ಗಾಡಿ ಥರ್ಡ್ ಓನರ್ ಆದರೆ ರೇಟ್ ಬಿದ್ದುಹೋಗುತ್ತದೆ. ಕೊಂಡ ಹುಡುಗ ಮುಂದಿನ ವಾರ ಮಾಡಿಸಿಕೊಳ್ಳುತ್ತೇನೆ ಅಂದ. ಮಾಡಿಸಲಿಲ್ಲ. ಇನ್ನೊಬ್ಬರಿಗೆ ದಾಟಿಸಿದ. ಆ ಇನ್ನೊಬ್ಬರು ಇನ್ಶೂರೆನ್ಸ್ ಕಟ್ಟಿರಲಿಲ್ಲ, ಒಂದು ರಾತ್ರಿ ಬೈಕಿಗೆ ಗುದ್ದಿದರು. ಕೋರ್ಟ್ ನೋಟಿಸ್ ಹೋಗಿದ್ದು ಮೇಷ್ಟ್ರ ಮನೆಗೆ.

ಅವರು ಆ ಕಾಗದ ಹಿಡಿದುಕೊಂಡು ನಮ್ಮ ಕಣಕ್ಕೆ ಬಂದರು. ಕುರ್ಚಿ ಹಾಕಿದೆ, ಕೂರಲಿಲ್ಲ. ಕಾಫಿ ಬೇಡ ಅಂದರು. ‘ನಿನ್ನ ನಂಬಿ ಸೈನ್ ಹಾಕಿದ್ದಲ್ವಾ’ ಅಂತ ಅಷ್ಟೇ ಹೇಳಿದರು. ಆಮೇಲೆ ಪ್ರತಿ ತಾರೀಖಿಗೂ ನಾನೇ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಬಂದೆ, ವಕೀಲರ ಫೀಸೂ ಕೊಟ್ಟೆ. ಆದರೂ ಆ ವಯಸ್ಸಿನಲ್ಲಿ ಅವರು ಕೋರ್ಟ್ ಮೆಟ್ಟಿಲು ಹತ್ತಿದ್ದು ನನ್ನಿಂದ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ, ಕೈಯಿಂದ ಕೈಗೆ ದಾಟಿದ ಗಾಡಿಯ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದ್ದೇ. ‘ಯಾವತ್ತೋ ಮಾರಿದ್ದೆ’ ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ಇದಕ್ಕೆ ದಾರಿ ಇದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳಿಗೂ ಆರ್‌ಟಿಓ ಅಧಿಕೃತ ಪತ್ರ ಕೊಡುವ ನಿಯಮ ಬಂದಿದೆ. ಅರ್ಜಿ ಫಾರಂ 29ಎ, ಶುಲ್ಕ 25,000 ರೂಪಾಯಿ, ಪತ್ರಕ್ಕೆ ಐದು ವರ್ಷ ಆಯುಸ್ಸು. ಪತ್ರ ಇದ್ದರೆ ಗಾಡಿ ನಿಮ್ಮ ಅಂಗಳಕ್ಕೆ ಬಂದಾಗ ಓನರ್ ಮತ್ತು ನೀವು ಸೇರಿ ಫಾರಂ 29ಸಿಯಲ್ಲಿ ಆನ್‌ಲೈನ್ ತಿಳಿಸುತ್ತೀರಿ. ಅವತ್ತಿನಿಂದ ಆ ಗಾಡಿಗೆ ನೀವೇ ಮಾಲೀಕರಿದ್ದ ಹಾಗೆ, ಏನಾದರೂ ಆದರೆ ಹೊಣೆಯೂ ನಿಮ್ಮದೇ. ಹಾಗಂತ ಆ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬರುವ ಹಾಗಿಲ್ಲ. ಟ್ರಯಲ್, ರಿಪೇರಿ, ತಪಾಸಣೆ ಇಂಥದ್ದಕ್ಕೆ ಮಾತ್ರ ಓಡಿಸಬೇಕು. ಶುರುವಿನಲ್ಲಿ 25,000 ಜಾಸ್ತಿ ಅನಿಸಬಹುದು. ಮೇಷ್ಟ್ರ ಮುಖ ನೋಡಿದ ನನಗೆ ಅದು ಜಾಸ್ತಿ ಅನಿಸಲೇ ಇಲ್ಲ.

ಪತ್ರ ಇನ್ನೂ ಸಿಕ್ಕಿಲ್ಲವಾದರೆ ಗಾಡಿ ಕೊಂಡು ಇಟ್ಟುಕೊಳ್ಳಬೇಡಿ. ಮಾರುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಿ, ಕಮಿಷನ್ ತೆಗೆದುಕೊಳ್ಳಿ, ಸಾಕು. ನಾನು ಈಗ ಕೊಳ್ಳುವವರಿಂದ ಐದು ಸಾವಿರ ಹಿಡಿದಿಟ್ಟುಕೊಳ್ಳುತ್ತೇನೆ. ಆರ್‌ಸಿ ಅವರ ಹೆಸರಿಗೆ ಆದ ದಿನ ವಾಪಸ್. ಇನ್ಶೂರೆನ್ಸ್ ಹೆಸರು ಬದಲಿಸಲು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು, ಅದನ್ನೂ ಅಲ್ಲೇ ಕೂತು ಮಾಡಿಸುತ್ತೇನೆ. ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿ ಜೊತೆ ಹೋಗುವುದಿಲ್ಲ, ಅದು ಮಾರಿದವರ ಸ್ವತ್ತು. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ಇನ್ನು ಗಾಡಿ ನೋಡುವುದು. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ, ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ಆರಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿಸಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಆಯಿಲ್‌ಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಟೈರಿನ ಮೇಲಿನ ನಾಲ್ಕು ಅಂಕಿ ಓದಿ. 2321 ಅಂದರೆ 2021ರ 23ನೇ ವಾರದ ಟೈರು. ಮೀಟರ್ ಇಪ್ಪತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದರೆ ಪೆಡಲ್ ನಂಬಿ, ಮೀಟರ್ ಬೇಡ.

ನಮ್ಮ ಮಲೆನಾಡಿನ ಗಾಡಿಗೆ ರೋಗ ಇರುವುದು ಕೆಳಗೆ. ನಾಲ್ಕು ತಿಂಗಳ ಮಳೆ, ತೋಟದ ಕೆಸರು. ಮೇಲೆ ಪಾಲಿಶ್ ಹೊಡೆದು ಫಳಫಳ ಅನ್ನುತ್ತಿರುತ್ತದೆ, ಬಗ್ಗಿ ನೋಡಿದರೆ, ಸ್ಕ್ರೂಡ್ರೈವರ್ ತಾಗಿಸಿದರೂ ಫ್ಲೋರ್ ತೂತು ಬೀಳುವ ಹಾಗಿರುತ್ತದೆ. ಘಟ್ಟದ ಕೆಳಗಿನಿಂದ ಬಂದದ್ದಾದರೆ ಉಪ್ಪುಗಾಳಿ ತಿಂದಿರುತ್ತದೆ, ಇನ್ನೂ ಹುಷಾರು. ಬೆಂಗಳೂರಿನ ಗಾಡಿ ತುಂಬ ಕಮ್ಮಿಗೆ ಸಿಕ್ಕರೆ ಸೀಟ್‌ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. 2022ರ ಸೆಪ್ಟೆಂಬರ್ ಮಳೆಗೆ ಅಲ್ಲಿ ಎಷ್ಟೋ ಕಾರುಗಳು ಬೇಸ್‌ಮೆಂಟಿನಲ್ಲೇ ಮುಳುಗಿದವು. ಸೀಟು, ಕಾರ್ಪೆಟ್ ಎಲ್ಲ ತೊಳೆದಿರುತ್ತಾರೆ. ಬೆಲ್ಟಿನ ಕೊನೆಯ ಎರಡು ಅಡಿ ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಕೂತಿರುತ್ತದೆ.

ಕಾಗದದಲ್ಲಿ ಲೋನ್ ಬಾಕಿ ಇದೆಯಾ, ಚಲನ್ ಇದೆಯಾ, ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಓಸಿ, ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಚಾಸಿ ನಂಬರ್ ನೀವೇ ಬಗ್ಗಿ ಓದಿ. ಮನೆ ಪಕ್ಕದ ಗದ್ದೆ ಮಟ್ಟ ಮಾಡಿ ಗಾಡಿ ನಿಲ್ಲಿಸುವ ಯೋಚನೆ ಇದ್ದರೆ, ಭೂ ಪರಿವರ್ತನೆ ಬಗ್ಗೆ ತಾಲ್ಲೂಕು ಆಫೀಸಿನಲ್ಲಿ ಕೇಳದೆ ಬೋರ್ಡ್ ನೆಡಬೇಡಿ.

ಲಾಭದ ಲೆಕ್ಕ ಹೀಗಿರುತ್ತದೆ. ಒಂದು ವ್ಯಾಗನ್ ಆರ್ 2,40,000ಕ್ಕೆ ಕೊಂಡೆ, 2,85,000ಕ್ಕೆ ಹೋಯಿತು. ನಲವತ್ತೈದು ಸಾವಿರ ಉಳಿಯಿತು ಅಂತ ಊರವರು ಲೆಕ್ಕ ಹಾಕುತ್ತಾರೆ. ಟೈರು, ಬ್ಯಾಟರಿ, ಸರ್ವಿಸ್, ಬಂಪರ್ ಪೇಂಟ್‌ಗೆ 19,000 ಹೋಗಿತ್ತು. ಜಿಎಸ್‌ಟಿ ನೋಂದಣಿ ಇದ್ದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ 18 ಪರ್ಸೆಂಟ್, ಅಂದರೆ 8,100. 2025ರ ಜನವರಿ 16ರಿಂದ ಚಿಕ್ಕ ಕಾರಿಗೂ ಇದೇ ರೇಟು, ಮೊದಲು 12 ಇತ್ತು. ರಿಪೇರಿ ಖರ್ಚನ್ನು ಆ ವ್ಯತ್ಯಾಸದಲ್ಲಿ ಕಳೆಯುವ ಹಾಗಿಲ್ಲ, ಹೊಸಬರು ತಪ್ಪುವುದೇ ಇಲ್ಲಿ. ಉಳಿದದ್ದು 17,900. ಆ ಗಾಡಿ ನನ್ನ ಕಣದಲ್ಲಿ ಎರಡು ತಿಂಗಳು ನಿಂತಿತ್ತು. ನೋಂದಣಿ ನಿಮಗೆ ಯಾವಾಗ ಬೇಕಾಗುತ್ತದೆ ಅಂತ ಆಡಿಟರ್ ಹತ್ತಿರ ಮೊದಲೇ ಕೂತು ಮಾತಾಡಿ.

ಎರಡೇ ಗಾಡಿ ಅಂದಿದ್ದು ಇದಕ್ಕೇ. 2025ರ ಸೆಪ್ಟೆಂಬರ್ 22ರಂದು ಹೊಸ ಚಿಕ್ಕ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಹೊಸದೇ ಕಮ್ಮಿಯಾದಾಗ ಹಳೇದಕ್ಕೆ ಯಾರು ಮೊದಲಿನ ರೇಟ್ ಕೊಡುತ್ತಾರೆ? ನನ್ನ ಹತ್ತಿರ ಆಗ ಮೂರು ಗಾಡಿ ಇದ್ದವು, ಮೂರರಲ್ಲೂ ಕೈ ಸುಟ್ಟುಕೊಂಡೆ. ಬಡ್ಡಿಗೆ ದುಡ್ಡು ತಂದು ಎಂಟು ಹತ್ತು ಗಾಡಿ ನಿಲ್ಲಿಸಿದ್ದರೆ ಗತಿ ಏನು?

ನಮ್ಮ ಕಡೆ ಜನರ ಕೈಗೆ ದುಡ್ಡು ಬರುವುದು ಕಾಫಿ ಮಾರಿದ ಮೇಲೆ. ಮಾರ್ಚ್, ಏಪ್ರಿಲ್, ಮೇನಲ್ಲಿ ಗಾಡಿ ನಿಲ್ಲುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೇಳುವವರಿಲ್ಲ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಕೊಳ್ಳಿ. ಮಾರುವಾಗ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ, ಕಾಫಿ ದುಡ್ಡು ಚೀಲದಲ್ಲಿ ತಂದರೂ ಬ್ಯಾಂಕಿಗೆ ಹಾಕಿಸಿ.

ಮಳೆಗಾಲದಲ್ಲಿ ಗಾಡಿ ಉಳಿದರೆ ವಾರಕ್ಕೆ ಎರಡು ಸಲ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ ನೋಡಿ. ಭತ್ತದ ಹುಲ್ಲಿನ ಪಕ್ಕ ನಿಲ್ಲಿಸಬೇಡಿ. ಹೋದ ವರ್ಷ ಇಲಿಯೊಂದು ಏರ್ ಫಿಲ್ಟರ್ ಡಬ್ಬದಲ್ಲಿ ಗೂಡು ಕಟ್ಟಿ, ವೈರಿಂಗ್ ಪೂರ್ತಿ ಕಡಿದುಹಾಕಿತ್ತು. ಕೊಳ್ಳುವವರಿಗೆ ಅದನ್ನೂ ಹೇಳಿದೆ, ವೈರಿಂಗ್ ಬದಲಿಸಿದ ಬಿಲ್ಲೂ ತೋರಿಸಿದೆ. ಆ ಗಾಡಿ ಈಗ ದಿನಾ ನಮ್ಮ ಮನೆ ಮುಂದೆಯೇ ಹಾಲಿನ ಡೇರಿಗೆ ಹೋಗುತ್ತದೆ.